ಆತೇನ್ರಿ ಎಂದು ಕೇಳಿದವಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮೊದಮೊದಲು ಟ್ರಂಕ್ ಕಾಲ್ ಜೋಡಿಸುವ ಕೆಲಸ. ಅಡತಿ ಅಂಗಡಿಯವನೊಬ್ಬನಿಗೆ ಸಾಂಗ್ಲಿಯ ಲೈನು ಕೊಡುವುದು, ಮೂರು ನಿಮಿಷ ಮುಗಿಯುತ್ತಲೇ ನಡುವೆ ಬಾಯಿ ಹಾಕಿ ‘ಆತೇನ್ರಿ?’ ಎಂದು ಕೇಳುವುದು, ಅತ್ತಲಿಂದ ‘ಆತ್ರಿ’ ಎಂದರೆ ಲೈನು ಕೀಳುವುದು. ಆಯಿತು ಎಂಬುದಕ್ಕೆ ನಮ್ಮ ಕಡೆ ಆತು ಎನ್ನುತ್ತಾರೆ, ಅವಸರದಲ್ಲಿದ್ದರೆ ಬರೀ ಆತ. ದಿನಕ್ಕೆ ನೂರಾರು ಸಲ ಆ ಮಾತನ್ನು ಕೇಳಿ, ಆಡಿ, ಅದು ನನ್ನ ಉಸಿರಿನ ಜೊತೆಗೇ ಬರತೊಡಗಿತ್ತು. ಮನೆಯಲ್ಲಿ ಹಾಲಿನವನಿಗೂ ಆತೇನ್ರಿ, ದೇವಸ್ಥಾನದಲ್ಲಿ ಪೂಜಾರಿಗೂ ಆತೇನ್ರಿ. ನನಗೆ ಮೊದಲಿನಿಂದಲೂ ಎಲ್ಲದರಲ್ಲೂ ಅವಸರ.

ಕಿವಿಯ ಬಗ್ಗೆ ಮಾತ್ರ ನನಗೆ ಬಹಳ ಜಂಬವಿತ್ತು. ಎಷ್ಟು ಗೊರಗೊರ ಇರುವ ಲೈನಿನಲ್ಲೂ ಮಾತು ಹೆಕ್ಕಿ ತೆಗೆಯುತ್ತಿದ್ದೆ. ಒಮ್ಮೆ ಕೇಳಿದ ದನಿಯನ್ನು ಮರೆಯುತ್ತಿರಲಿಲ್ಲ. ‘ನಿಮ್ಮ ಕಿವಿಗೆ ಇನ್ಶುರೆನ್ಸ್ ಮಾಡಸ್ರಿ’ ಎಂದು ಜೊತೆಯವರು ಛೇಡಿಸುತ್ತಿದ್ದರು.

ಅಂಥ ಕಿವಿ ಇಟ್ಟುಕೊಂಡು ನಾನು ಒಬ್ಬ ಹಿರಿಯ ಹೆಂಗಸನ್ನು ಹೊಳೆ ನುಗ್ಗಿದ ಮನೆಯಲ್ಲಿ ಬಿಟ್ಟು ಬಂದೆ. ಅವರ ಎದುರು ಅದನ್ನು ಒಪ್ಪಿಕೊಳ್ಳಲು ನನಗೆ ಎಂಟು ತಿಂಗಳು ಹಿಡಿಯಿತು.

ನಾನಿರುವುದು ಟಿಳಕವಾಡಿಯಲ್ಲಿ, ರೈಲು ಗೇಟಿಗೆ ಹತ್ತಿರ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೆಲ್ಲ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಮೊದಲು ಕೇಳಿದರೆ ಸಿಟ್ಟು ಬರುತ್ತಿತ್ತು, ಈಗ ಯಾರೂ ಕೇಳುವುದಿಲ್ಲವಲ್ಲ ಎಂದು ಬೇಸರವಾಗುತ್ತದೆ. ಜೀವಮಾನವೆಲ್ಲ ಊರಿನವರ ಮಾತು ಜೋಡಿಸಿಕೊಟ್ಟವಳ ಫೋನಿಗೆ ಈಗ ಬರುವುದು ರೀಚಾರ್ಜ್ ಮುಗಿಯುತ್ತ ಬಂತೆಂದು ಹೇಳುವ ಯಂತ್ರದ ಹೆಣ್ಣುದನಿ ಒಂದೇ. ಅವಳ ಉಚ್ಚಾರವೂ ನೆಟ್ಟಗಿಲ್ಲ. ಆದರೂ ಕೆಲವು ದಿನ ಅವಳ ಮಾತು ಮುಗಿಯುವವರೆಗೆ ಕಿವಿಗೆ ಹಿಡಿದುಕೊಂಡೇ ಇರುತ್ತೇನೆ.

ಆ ಮಳೆಗಾಲದಲ್ಲಿ ಮಲಪ್ರಭೆ ಖಾನಾಪುರದ ಸುತ್ತಿನ ಹಳ್ಳಿಗಳಿಗೆ ನುಗ್ಗಿದಾಗ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಜೀವ ಬಂತು. ಅಲ್ಲಿಯವರೆಗೆ ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಿದ್ದವರೆಲ್ಲ ಅರಿವೆ, ಹಾಸಿಗೆ, ಅಕ್ಕಿ ಎಂದು ಬರೆಯತೊಡಗಿದರು. ಕಾಳುಕಡಿ ವ್ಯಾಪಾರದ ಜೈನ ಕುಟುಂಬವೊಂದು ತಮ್ಮ ಟೆಂಪೊ ಕೊಟ್ಟಿತು. ಅವರ ಗೋದಾಮಿನಲ್ಲಿ ಬಂದ ಸಾಮಾನು ಬೇರೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಏನೇನು ಬಂದಿತ್ತೆನ್ನುತ್ತೀರಿ! ಹರಿದ ಜರಿಸೀರೆ, ಒಂದೇ ಕಾಲಿನ ಬೂಟು, ಹನ್ನೊಂದು ಟೈಗಳು. ಯಾರೋ ಮಹಾನುಭಾವರು ಈಜುವ ಚಡ್ಡಿ ಕೊಟ್ಟಿದ್ದರು. ಹೊಳೆಯೇ ಮನೆಯೊಳಗೆ ಬಂದವರಿಗೆ ಈಜುವ ಚಡ್ಡಿ! ಅದನ್ನು ಎತ್ತಿ ಹಿಡಿದು ನಾನು ಕೂಗಾಡಿದ ಮೇಲೆ ಎರಡು ದಿನ ಗುಂಪಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನನ್ನ ಸ್ವಭಾವವೇ ಹಾಗೆ, ಉಪಕಾರ ಮಾಡಲು ಹೋಗಿ ನಾಲ್ಕು ಜನರ ಮನಸ್ಸು ಮುರಿದು ಬರುತ್ತೇನೆ.

ಟೆಂಪೊ ಜೊತೆ ಖಾನಾಪುರಕ್ಕೆ ನಾನೂ ಹೋದೆ. ಹಳ್ಳಿಗಳಿಂದ ಬಂದವರನ್ನು ಒಂದು ಸಾಲೆಯಲ್ಲಿ ಇರಿಸಿದ್ದರು. ಹಲಸಿಯ ಕಡೆಗೆ ಹೋಗುವ ದಾರಿಯಲ್ಲಿ ಹೊಳೆದಂಡೆಗಿದ್ದ ಒಂದು ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜನರನ್ನು ತರುತ್ತಿದ್ದರು. ಯಾರು ಬಂದರು, ಯಾವ ಮನೆಯವರು ಎಂದು ಯಾದಿ ಬರೆಯಲು ಒಬ್ಬರು ಬೇಕಿತ್ತು. ನನ್ನ ಅಕ್ಷರ ಚಂದ, ಕಿವಿ ಚುರುಕು ಎಂದು ಯಾರೋ ಹೇಳಿದರು. ನಾನೇ ಹೇಳಿದ್ದೆನೋ ಏನೋ. ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ರೇನ್‌ಕೋಟಿನ ಟೊಪ್ಪಿಗೆ ಏರಿಸಿ ಟ್ರೇಲರ್ ಹತ್ತಿದೆ.

ಅದು ಮಧ್ಯಾಹ್ನದ ಕೊನೆಯ ಸುತ್ತು. ದಾರಿಯ ಸಣ್ಣ ಸೇತುವೆ ಮುಳುಗುವುದಕ್ಕೆ ಗೇಣು ಬಾಕಿ ಎಂದು ಡ್ರೈವರ್ ಗದ್ದಲ ಮಾಡುತ್ತಿದ್ದ. ಹಳ್ಳಿಯ ಕೊನೆಯ ಓಣಿಯಲ್ಲಿ ಮೊಣಕಾಲ ಮೇಲೆ ನೀರು. ಅಷ್ಟರಲ್ಲಿ ಒಬ್ಬ ಹೆಂಗಸು ತಲೆಯ ಮೇಲೊಂದು ಗಂಟು ಹಿಡಿದು ನೀರು ಸೀಳಿಕೊಂಡು ಬಂದಳು. ಅರವತ್ತರ ಆಚೆಯವಳು, ಹಲ್ಲು ಕಟಕಟ ಎನ್ನುತ್ತಿದ್ದವು. ನನ್ನ ಜೊತೆ ಟ್ರೇಲರಿನಲ್ಲಿದ್ದ ನಮ್ಮ ಓಣಿಯ ಇಬ್ಬರು ಗಂಡಸರು ಅವಳ ರಟ್ಟೆ ಹಿಡಿದು ಮೇಲೆಳೆದರು. ನಾನು ಕೂಗಿ ಕೇಳಿದೆ:

“ಎಲ್ಲಾರೂ ಬಂದ್ರೇನ್ರಿ? ಆತೇನ್ರಿ?”

ಅವಳು ಒಂದೇ ಉಸಿರಿಗೆ ಏನೋ ಅಂದಳು. ಎಂಜಿನ್ನಿನ ಸಪ್ಪಳದಲ್ಲಿ, ತಾಡಪಾಲಿನ ಮೇಲೆ ಬಡಿಯುವ ಮಳೆಯಲ್ಲಿ ನನಗೆ ಕೇಳಿಸಿದ್ದು ಇಷ್ಟೇ: “ಆತ... ಆತ... ಆತ.”

“ಆತು, ನಡೀರಿ!” ಎಂದು ನಾನು ಡ್ರೈವರನಿಗೆ ಕೂಗಿದೆ. ನನ್ನ ದನಿ ಸಣ್ಣದಲ್ಲ. ಟ್ರ್ಯಾಕ್ಟರ್ ಹೊರಟಿತು.

ದಾರಿಯುದ್ದಕ್ಕೂ ಆ ಹೆಂಗಸು ನನ್ನ ರಟ್ಟೆ ಹಿಡಿದು ಅದೇ ಮಾತು ಹೇಳುತ್ತಿದ್ದಳು. ಆತ, ಆತ. ನಾನು ಅವಳ ಬೆನ್ನು ಸವರುತ್ತ, “ಹೌದವ್ವಾ, ಆತು, ಎಲ್ಲಾ ಆತು” ಎಂದು ಸಮಾಧಾನ ಮಾಡುತ್ತಿದ್ದೆ. ಗಂಡಸರಿಬ್ಬರೂ ತಾಡಪಾಲು ಹಾರದಂತೆ ಆ ತುದಿಗೆ ಹಿಡಿದುಕೊಂಡು ನಿಂತಿದ್ದರು. ಅವಳ ಕೈ ನನ್ನ ರೇನ್‌ಕೋಟನ್ನು ಹಿಂಡುತ್ತಿತ್ತು. ಯಾರಾದರೂ ನನ್ನನ್ನು ಹಾಗೆ ಗಟ್ಟಿಯಾಗಿ ಹಿಡಿದು ಎಷ್ಟೋ ವರ್ಷವಾಗಿತ್ತು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ, ಆಗ ನನಗೆ ಹಿತವೆನಿಸಿತ್ತು.

ಸಾಲೆಯಲ್ಲಿ ಅವಳನ್ನು ಇಳಿಸಿ, ಯಾದಿಗೆ ಅವಳ ಹೆಸರು ಸೇರಿಸಿ, ಕೆಳಗೆ ಗೆರೆ ಎಳೆದು ವಹಿ ಒಪ್ಪಿಸಿದೆ. ಸಂಜೆಯ ರೈಲು ಹಿಡಿದು ದೇಸೂರ ದಾಟಿ ಮನೆಗೆ ಬಂದೆ.

ಮರುದಿನ ಮುಂಜಾನೆ ಗೋದಾಮಿನಲ್ಲಿ ಸುದ್ದಿ ಸಿಕ್ಕಿತು. ಆ ಕೊನೆಯ ಓಣಿಯಲ್ಲಿ ಒಬ್ಬರು ಉಳಿದುಬಿಟ್ಟಿದ್ದರಂತೆ. ಕಾಲು ಸರಿಯಿಲ್ಲದ ಮುದುಕಿಯಂತೆ. ನೀರು ಒಳಗೆ ಬಂದಾಗ ಅವರ ತಮ್ಮನ ಹೆಂಡತಿ, ಅಂದರೆ ಆ ಗಂಟಿನ ಹೆಂಗಸು, ಹೇಗೋ ಅವರನ್ನು ಅಟ್ಟ ಹತ್ತಿಸಿ, ಇಳಿಸಲು ಗಂಡಸರನ್ನು ಕರೆಯಲು ಬಂದಿದ್ದಳಂತೆ. ಸಾಲೆಯಲ್ಲಿ ತನ್ನ ಊರಿನವರನ್ನು ಕಂಡ ಮೇಲೆ ಬಿಡಿಸಿ ಹೇಳಿದಳಂತೆ. ಅಷ್ಟರಲ್ಲಿ ಸೇತುವೆ ಮುಳುಗಿತ್ತು. ಬೆಳಗಾದ ಮೇಲೆ ರಬ್ಬರಿನ ದೋಣಿಯಲ್ಲಿ ಹೋಗಿ ಅವರನ್ನು ತಂದರು. ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಅಟ್ಟ ನಿಂತಿತ್ತು, ಅವರು ಬದುಕಿದ್ದರು.

“ಖರೇ ಅಂದ್ರ ಆಕಿ ಹೇಳಿದ್ಲಂತ” ಎಂದು ನಮ್ಮ ಗುಂಪಿನವಳು ಅಂದಳು. “ಆತ್ಯಾ ಆತ ಆಹೆ, ಆತ್ಯಾ ಆತ ಆಹೆ ಅಂತ ಬಡಕೊಂಡ್ಲಂತ. ಯಾವಾಕೋ ಕಿವುಡಿ ಇದ್ಲಂತ, ಕೇಳಿಸ್ಕೊಳ್ಳಿಲ್ಲಂತ.”

ಮರಾಠಿಯಲ್ಲಿ ಆತ್ಯಾ ಎಂದರೆ ಸೋದರತ್ತೆ. ಆತ ಎಂದರೆ ಒಳಗೆ. ಗೊತ್ತಿರದ ಮಾತೇನಲ್ಲ. ನಾನು ಬೈಲಹೊಂಗಲದ ಕಡೆಯಿಂದ ಬಂದವಳಾದರೂ ಬೆಳಗಾವಿಯಲ್ಲಿ ಕೂದಲು ಬೆಳ್ಳಗಾಗಿದೆ. ಬಸ್ಸಿನ ಬಾಗಿಲಲ್ಲಿ ನಿಂತು ‘ಆತ ಚಲಾ, ಆತ ಚಲಾ’ ಎಂದು ಕಂಡಕ್ಟರುಗಳು ನನ್ನನ್ನೇ ಎಷ್ಟು ಸಲ ಒಳಗೆ ದಬ್ಬಿಲ್ಲ! ಗಾಬರಿಯಾದ ಮನುಷ್ಯನ ಬಾಯಿಗೆ ಮನೆಯ ಮಾತೇ ಬರುತ್ತದೆ. ಅವಳು ತನ್ನ ಮನೆಯ ಮಾತಿನಲ್ಲಿ ಒಳಗೆ, ಒಳಗೆ ಎನ್ನುತ್ತಿದ್ದಳು. ನಾನು ನನ್ನ ಎಕ್ಸ್‌ಚೇಂಜಿನ ಕಿವಿಯಿಂದ ಆಯಿತು, ಆಯಿತು ಎಂದು ಕೇಳಿಸಿಕೊಂಡು ಲೈನು ಕಿತ್ತಿದ್ದೆ. ಆ ಕಿವುಡಿ ನಾನೇ ಎಂದು ಗೋದಾಮಿನಲ್ಲಿ ಹೇಳಲಿಲ್ಲ. ಒಂದು ರಾಶಿ ಟಾವೆಲ್ಲುಗಳನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದೆ.

ನೀರು ಇಳಿದು ಎಂಟು ಹತ್ತು ದಿನದ ಮೇಲೆ ಪಾತ್ರೆಪಗಡ ಹಂಚಲು, ರಾಡಿ ತೆಗೆಯಲು ಟೆಂಪೊ ಮತ್ತೆ ಆ ಹಳ್ಳಿಗೆ ಹೊರಟಿತು. ಹೋಗಬಾರದು ಎಂದುಕೊಂಡೇ ಹೋದೆ. ಓಣಿಯಲ್ಲಿ ಪಾತ್ರೆಯ ಚೀಲ ಇಳಿಸುವವರಿಗೆ ಎಂದಿನಂತೆ ಗದರಿ ಅವರ ಮನೆಯ ಬಾಗಿಲಿಗೆ ಬಂದೆ. ಮುಂದಿನ ಅರ್ಧ ಮನೆ ನಿಂತಿತ್ತು. ಹಿಂದಿನ ಅರ್ಧ ಮಣ್ಣಿನ ಗುಡ್ಡೆ, ಅದರ ಮೇಲೆ ಒಡೆದ ಹೆಂಚು. ತಗಡು ಮರೆ ಮಾಡಿದ ಒಂದು ಮೂಲೆಯಲ್ಲಿ ಆತ್ಯಾ ಕಟ್ಟಿಗೆಯ ಮಣೆಯ ಮೇಲೆ ಕೂತಿದ್ದರು. ಊರಿನವರೆಲ್ಲ ಅವರನ್ನು ಆತ್ಯಾ ಎಂದೇ ಕರೆಯುವುದು. ಎಪ್ಪತ್ತೈದರ ಹತ್ತಿರ, ತೆಳ್ಳಗಿನ ಜೀವ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವರು. ತಮ್ಮನೂ ಈಗಿಲ್ಲ. ತಮ್ಮನ ಹೆಂಡತಿ ನೆರೆಯ ಹೆದರಿಕೆಗೆ ಜ್ವರ ಹಿಡಿದು ಮಗಳ ಊರಿಗೆ ಹೋಗಿದ್ದಳು, ಮುಂದೆಯೂ ಅಲ್ಲೇ ಉಳಿದಳು. ಮನೆಯಲ್ಲಿ ಅವರೊಬ್ಬರೇ.

ಅವರ ಮುಂದೆ ನಿಂತಾಗ ನನಗೊಂದು ಯೋಚನೆ ಹೊಳೆಯಿತು. ಹೆಂಚಿನ ಕೆಳಗೆ ಅಟ್ಟದಲ್ಲಿ ಕೂತವರಿಗೆ ಓಣಿಯ ಮಾತು ಚೆನ್ನಾಗಿ ಕೇಳಿಸುತ್ತದೆ. ನನ್ನ ದನಿ ಇವರ ಕಿವಿಗೆ ಬಿದ್ದಿರಲೇಬೇಕು. ಗುರುತು ಹಿಡಿದುಬಿಟ್ಟರೆ? ಹಾಗಾಗಿ ದನಿ ತಗ್ಗಿಸಿ ಮರಾಠಿಯಲ್ಲಿ ಮಾತಾಡಿಸಿದೆ. ಕೂಗುವ ನಾನು ಕನ್ನಡದವಳು, ಮೆಲ್ಲಗೆ ಮಾತಾಡುವ ಈ ಮರಾಠಿಯವಳು ಬೇರೆ. ಎಂಥ ಜಾಣತನ ನೋಡಿ!

ಆದರೆ ನನ್ನ ಮರಾಠಿ ಪೇಟೆಯ ಮಟ್ಟದ್ದು, ಕಾಯಿಪಲ್ಲೆಯ ದರ ಕೇಳುವುದಕ್ಕೆ, ಜಗಳ ಕಾಯುವುದಕ್ಕೆ ಸಾಕು. ಮನೆ ಬಿತ್ತಲ್ಲ ಎಂದು ಮರುಕ ತೋರಿಸಲು ‘ಘರ ಪಡಲಾ’ ಎಂದೆ. ಗಂಡಸು ಬಿದ್ದರೆ ಹಾಗೆನ್ನಬೇಕು, ಮನೆಗೆ ಬೇರೆ ರೂಪವಿದೆ. ಆತ್ಯಾ ನನ್ನ ಮುಖ ನೋಡಿ ಕನ್ನಡದಲ್ಲೇ ಅಂದರು:

“ನಿಮ್ಮ ಬಾಯಾಗ ನನ್ನ ಮನಿಗೂ ಮೀಸಿ ಬಂತಲ್ರಿ, ಬಾಯಾರ! ಕುಂದರ್ರಿ.”

ಅವತ್ತು ಅವರೊಬ್ಬರೇ ನಕ್ಕರು. ಮುಂದಿನ ಗುರುವಾರ ಹೋದಾಗ ನಾನೂ ನಕ್ಕೆ.

ಗುರುವಾರ ಹೋಗುವುದು ಹೇಗೆ ರೂಢಿಯಾಯಿತೋ ತಿಳಿಯದು. ಮೊದಲಿಗೆ ಅದಕ್ಕೆ ಪರಿಹಾರದ ಕೆಲಸ ಎಂಬ ಹೆಸರಿತ್ತು. ರಾಡಿ ಮೆತ್ತಿದ ಕಾಗದಪತ್ರ ಒಣಗಿಸಿ ಬಿಡಿಸುವುದು, ಒಂದಕ್ಕೊಂದು ಅಂಟಿದ ರೇಶನ್ ಕಾರ್ಡು, ಆಧಾರ ಕಾರ್ಡು ಬೇರೆ ಮಾಡುವುದು, ಬಿದ್ದ ಮನೆಗೆ ಸರಕಾರದ ಹಣ ಕೇಳಿ ಓಣಿಯವರ ಅರ್ಜಿ ಬರೆಯುವುದು. ನಮ್ಮ ಗುಂಪಿನವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನೆರೆ ಪೇಪರಿನಿಂದ ಹೋದ ಮೇಲೆ ವಾಟ್ಸಾಪಿನಲ್ಲಿ ಮತ್ತೆ ಹೂವುಗಳು ಬಂದವು. ನಾನು ಮಾತ್ರ ಗುರುವಾರದ ರೈಲು ಹತ್ತುತ್ತಿದ್ದೆ. ಕೈಯಲ್ಲಿ ಟಿಳಕವಾಡಿಯ ಬೇಕರಿಯ ಖಾರಿ ಬಿಸ್ಕೀಟಿನ ಪುಡಿಕೆ, ಆತ್ಯಾಗೆ ಅದು ಚಹಾದಲ್ಲಿ ಮೆತ್ತಗಾದರೆ ಇಷ್ಟ.

ಅವರು ಕನ್ನಡದಲ್ಲಿ ಮಾತಾಡುವರು, ನಾನು ಮರಾಠಿಯಲ್ಲಿ. ಆ ಮನೆಯ ಮಗಳು ನನ್ನ ಭಾಷೆಯಲ್ಲಿ, ಹೊರಗಿನವಳು ಅವರ ಭಾಷೆಯಲ್ಲಿ. ನೆರೆಮನೆಯವರು ಬಂದು ಕೇಳಿಸಿಕೊಂಡು ನಗುತ್ತಿದ್ದರು. “ಈಕಿಗೆ ಕಲಸಾಕ ಹತ್ತೇನಿ, ಇನ್ನ ಎರಡನೇ ಕ್ಲಾಸಿನ್ಯಾಗ ಅದಾಳ” ಎನ್ನುತ್ತಿದ್ದರು ಆತ್ಯಾ. ನನ್ನ ತಪ್ಪು ಒಂದೊಂದನ್ನೂ ತಿದ್ದುತ್ತಿದ್ದರು. ಆದರೆ ಆ ದಿನದ ಬಗ್ಗೆ ಅವರು ತಾವಾಗಿ ಎಂದೂ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಅಟ್ಟದ ಏಣಿ ಅಲ್ಲೇ ಗೋಡೆಗೆ ಒರಗಿರುತ್ತಿತ್ತು. ನಾನು ಯಾವಾಗಲೂ ಅದಕ್ಕೆ ಬೆನ್ನು ಮಾಡಿ ಕೂಡುತ್ತಿದ್ದೆ.

ಪ್ರಾಯಶ್ಚಿತ್ತವೆಂದು ಹೊರಟದ್ದು ಯಾವ ವಾರಕ್ಕೆ ಆಸೆಯಾಯಿತೋ ನನಗೆ ಗೊತ್ತಾಗಲಿಲ್ಲ. ಬುಧವಾರವೇ ಸೀರೆ ಇಸ್ತ್ರಿ ಮಾಡಿ ಇಡತೊಡಗಿದೆ. ರೈಲಿನಲ್ಲಿ ಕೂತು ಅವರಿಗೆ ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಹೇಳಬೇಕಾದ ಒಂದೇ ಮಾತನ್ನು ಮಾತ್ರ ಯಾವ ಭಾಷೆಯಲ್ಲೂ ಜೋಡಿಸಲಿಲ್ಲ. ಹೇಳಿದರೆ ಆ ಬಾಗಿಲು ಮುಚ್ಚುತ್ತದೆ. ಮುಚ್ಚಿದರೆ ಶುಕ್ರವಾರದಿಂದ ಶುಕ್ರವಾರದವರೆಗೆ ನನ್ನ ಎರಡು ಕೋಣೆ, ರೈಲಿನ ಸಪ್ಪಳ, ರೀಚಾರ್ಜಿನವಳ ದನಿ. ಹೆದರಿಕೆಯಾಗುತ್ತಿತ್ತು. ಈ ವಯಸ್ಸಿನಲ್ಲಿ ಒಬ್ಬ ಮುದುಕಿಯ ಸ್ನೇಹ ಕಳೆದುಕೊಳ್ಳುವ ಹೆದರಿಕೆ ಎಂದರೆ ಜನ ನಗುತ್ತಾರೆ, ನಗಲಿ.

ಸಂಕ್ರಾಂತಿಯ ಹೊತ್ತಿಗೆ ಓಣಿಯ ಎಲ್ಲರ ಅರ್ಜಿಯೂ ಒಂದು ದಾರಿಗೆ ಬಂದಿತ್ತು. ಆತ್ಯಾರದು ಮಾತ್ರ ತಿರುಗಿ ಬಂತು. ಮುಂದಿನ ಅರ್ಧ ಮನೆ ತಮ್ಮನ ಹೆಂಡತಿಯ ಹೆಸರಿಗೆ, ಬಿದ್ದ ಹಿಂದಿನ ಅರ್ಧ ಆತ್ಯಾರ ಹೆಸರಿಗೆ. ಗೋಡೆ ಎಬ್ಬಿಸದಿದ್ದರೆ ಬರುವ ಮಳೆಗಾಲಕ್ಕೆ ನಿಂತ ಅರ್ಧವೂ ನಿಲ್ಲುವುದಿಲ್ಲ ಎಂದು ಗೌಂಡಿ ಹೇಳಿಹೋಗಿದ್ದ. ನಾನು ಅರ್ಜಿ ಹಿಡಿದು ಖಾನಾಪುರದ ತಾಲೂಕು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯ ಮನುಷ್ಯ. ನನ್ನೆದುರಿಗೇ ಕಪಾಟು ತೆಗೆದು ಒಂದು ವಹಿ ತಂದರು. ನೀರು ತಾಗಿ ಉಬ್ಬಿದ ರಟ್ಟು. ನೋಡುತ್ತಲೇ ಗುರುತು ಸಿಕ್ಕಿತು.

“ನೋಡ್ರಿ, ಅವತ್ತಿನ ಯಾದಿ” ಎಂದು ಬೆರಳಿಟ್ಟು ತೋರಿಸಿದರು. “ಅವ್ರ ತಮ್ಮನ ಹೇಣ್ತಿ ಹೆಸರ ಐತಿ. ಅದರ ಕೆಳಗ ಗೆರಿ ಹೊಡದ್ದಾರ. ಇವ್ರ ಹೆಸರ ಇಲ್ಲ. ಅಂದ್ರ ಅವತ್ತ ಇವ್ರು ಅಲ್ಲಿ ಇರಲಿಲ್ಲಂತ ಲೆಕ್ಕ.”

“ಇದ್ರು ರೀ. ಮರದಿವಸ ದೋಣಿಯೊಳಗ ತಂದ್ರಲ್ಲ?”

“ಎಲ್ಲಾರೂ ಹೇಳ್ತಾರ, ಖರೇ. ಕಾಗದದ ಮ್ಯಾಲೆ ಬೇಕಲ್ರಿ. ಈ ಯಾದಿ ಬರದವ್ರು ಯಾರಂತ ಹುಡಕ್ರಿ. ‘ನಾ ಹೆಸರ ಬರ್ಯಾಕ ಬಿಟ್ಟೇನಿ, ಮುದಕಿ ಮನಿಯಾಗ ಇದ್ಲು’ ಅಂತ ಅವ್ರ ಕಡಿಂದ ಬರಸ್ಕೊಂಡ ಬರ್ರಿ. ಕೆಲಸ ಆಗತೈತಿ.”

ನನ್ನದೇ ಅಕ್ಷರ. ನಾನೇ ಎಳೆದ ಗೆರೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗೆ. “ಹುಡಕ್ತೀನ್ರಿ” ಎಂದು ಹೇಳಿ ಹೊರಬಿದ್ದೆ.

ಹುಡುಕುತ್ತಲೇ ಎರಡು ತಿಂಗಳು ಕಳೆದೆ. ಹುಡುಕುವವಳೂ ಕಳೆದುಹೋದವಳೂ ಒಬ್ಬಳೇ ಆದರೆ ಕೆಲಸ ಎಷ್ಟು ದಿನವಾದರೂ ಎಳೆಯುತ್ತದೆ. ಪ್ರತಿ ಗುರುವಾರ ಆತ್ಯಾ ಕೇಳುವರು, “ಸಿಕ್ರೇನ್ರಿ ಯಾದಿಯವ್ರು?” ನಾನು ಇಲ್ಲವೆನ್ನುತ್ತಿದ್ದೆ. ಅವರು ಖಾರಿ ಮುರಿದು ಚಹಾದಲ್ಲಿ ಅದ್ದುತ್ತಿದ್ದರು. ಮಾರ್ಚಿನ ಬಿಸಿಲು ಕಾದು, ಒಂದು ಮಧ್ಯಾಹ್ನ ಗುಡುಗಿ ಅಡ್ಡಮಳೆ ಹೊಡೆಯಿತು. ಆ ವಾರ ಹೋದಾಗ ನಿಂತ ಗೋಡೆಯ ಬುಡದಿಂದ ಬುಟ್ಟಿಯಷ್ಟು ಮಣ್ಣು ಕಳಚಿ ಬಿದ್ದಿತ್ತು. ಆತ್ಯಾ ಅದನ್ನು ಕಸಬರಿಗೆಯಿಂದ ಒಂದು ಕಡೆ ಸರಿಸಿ ಇಟ್ಟಿದ್ದರು.

“ಇನ್ನ ಅವ್ರನ್ನ ಹುಡುಕೂದು ಬ್ಯಾಡ್ರಿ ಬಾಯಾರ” ಎಂದರು. “ನಾ ಹೇಳ್ತೀನಿ, ನೀವು ಬರೀರಿ. ನಾ ಅಟ್ಟದ ಮ್ಯಾಲೆ ಮಲ್ಕೊಂಡಿದ್ನಿ. ನಿದ್ದಿ ಹತ್ತಿತ್ತು. ಅವ್ರು ಕರದ್ರು, ನನಗ ಕೇಳಲಿಲ್ಲ. ತಪ್ಪ ನಂದ ಐತಿ ಅಂತ ಬರೀರಿ. ಹೆಬ್ಬೆಟ್ಟ ಒತ್ತತೀನಿ.”

ನಾನು ಪೆನ್ನು ತೆಗೆದೆ. ಅರ್ಜಿದಾರಳಾದ ನಾನು ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. ಮಲಗಿದ್ದೆ, ಕರೆದರು, ಕೇಳಲಿಲ್ಲ. ನನ್ನ ಕಿವುಡನ್ನು ಅವರು ತಮ್ಮ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ನಾನು ಚಂದದ ಅಕ್ಷರದಲ್ಲಿ ಬರೆದುಕೊಡಬೇಕು. ಪೆನ್ನು ಕೆಳಗಿಟ್ಟೆ. ಎಂಟು ತಿಂಗಳಲ್ಲಿ ಮೊದಲ ಸಲ ಆ ಮನೆಯೊಳಗೆ ಕನ್ನಡದಲ್ಲಿ, ನನ್ನ ನಿಜವಾದ ದನಿಯಲ್ಲಿ ಮಾತಾಡಿದೆ.

“ಆತ್ಯಾ, ಯಾದಿ ಬರದಾಕಿ ನಾನ. ಆತೇನ್ರಿ ಅಂತ ಕೇಳಿದಾಕಿ ನಾನ. ನಿಮ್ಮ ತಮ್ಮನ ಹೇಣ್ತಿ ಆತ ಅಂದ್ರು, ಒಳಗದಾರ ಅಂತ. ನಾ ಆತು ಅಂತ ತಿಳಕೊಂಡೆ. ನಿಮ್ಮನ್ನ ಬಿಟ್ಟ ಹೋದಾಕಿ ನಾನ.”

ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅಳು ಬಂತು. ಆತ್ಯಾ ಚಹಾದ ಕಪ್ಪಿನಲ್ಲಿ ಮುಳುಗಿದ ಖಾರಿಯ ತುಣುಕನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡರು. ಆಮೇಲೆ ಅಂದರು:

“ಗೊತ್ತೈತಿ.”

ನನಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ. ಈ ಕಿವಿಯನ್ನು ನಾನು ಈಗ ನಂಬುವುದಿಲ್ಲ.

“ಮೊದಲನೇ ದಿವಸಾನ ಗೊತ್ತಾತು. ಭಾಂಡಿ ಕೊಡಾಕ ಬಂದಿದ್ರಲ್ಲ, ಓಣ್ಯಾಗ ನಿಂತ ಕೂಗಿದ್ರಿ, ‘ಆತೇನ್ರಿ? ಆತು, ನಡೀರಿ!’ ಅಂತ. ಆ ದನಿ ನಾ ಮರೀತೀನೇನು? ಅಟ್ಟದ ಮ್ಯಾಲೆ ಕುಂತಾಗ ನಾ ಕೇಳಿದ ಕಡೀ ದನಿ ಅದ. ಆಮ್ಯಾಲೆ ನೀರಿನ ಸಪ್ಪಳ ಒಂದ. ನಾ ಹೊಯ್ಕೊಂಡ್ನಿ. ಮಳ್ಯಾಗ ನನ್ನ ದನಿ ನನಗ ಕೇಳಲಿಲ್ಲ.” ಕಪ್ಪನ್ನು ಕೆಳಗಿಟ್ಟು ಅಂದರು, “ಆಮ್ಯಾಲೆ ಒಳಗ ಬಂದು ಮರಾಠಿ ಶುರು ಮಾಡಿದ್ರಿ. ನನಗ ನಗಿ ತಡೀಲಿಲ್ಲ.”

“ಮತ್ತ ಇಷ್ಟ ದಿವಸ ಯಾಕ ಅನ್ನಲಿಲ್ಲ? ಬೈಬೇಕಿತ್ತು ನೀವು. ಹೊರಗ ಹಾಕಬೇಕಿತ್ತು.”

“ಮೊದಲ ಸಿಟ್ಟಿತ್ರಿ. ಇರಲಿಲ್ಲ ಅನ್ನಾಂಗಿಲ್ಲ. ಈಕಿ ತಾನಾಗಿ ಹೇಳ್ತಾಳೇನು ನೋಡೂಣು ಅಂತ ಕುಂತೆ. ನೀವು ಹೇಳಲಿಲ್ಲ, ಮುಂದಿನ ಗುರವಾರ ಬಂದ್ರಿ. ಮತ್ತೊಂದ ಗುರವಾರ ಬಂದ್ರಿ.” ಅವರು ಸೆರಗಿನಿಂದ ಬೆರಳು ಒರೆಸಿಕೊಂಡರು. “ನಾ ಅಂದಬಿಟ್ಟಿದ್ರ ನೀವು ಒಂದ ಸಲ ಅತ್ತು, ಕಾಲ ಹಿಡದು, ಹಗರಾಗಿ ಹೋಗಿಬಿಡ್ತಿದ್ರಿ. ಆಮ್ಯಾಲೆ ನನ್ನ ಮನಿಗೆ ಯಾರ ಬರ್ತಿದ್ರು?”

ನಾನು ಅವರ ಮುಖ ನೋಡಿದೆ. ಎಂಟು ತಿಂಗಳು ನಾನು ಬಚ್ಚಿಟ್ಟುಕೊಂಡದ್ದನ್ನು ಅವರೂ ಬಚ್ಚಿಟ್ಟಿದ್ದರು. ನಾನು ಬಾಗಿಲು ಮುಚ್ಚೀತೆಂದು ಹೆದರಿದ್ದೆ, ಅವರೂ ಅದಕ್ಕೇ ಹೆದರಿದ್ದರು. ಒಂಟಿತನ ನನ್ನ ಎರಡು ಕೋಣೆಗಳಲ್ಲಷ್ಟೇ ಇದೆ ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ನಾಚಿಕೆಯಾಯಿತು. ನಾನು ಬರೆದುಕೊಡಬೇಕಿದ್ದ ಒಂದು ಕಾಗದಕ್ಕಾಗಿ ಅವರ ಗೋಡೆ ಎರಡು ತಿಂಗಳು ತಡವಾಗಿತ್ತು. ಅದು ನಾನು ಮಾಡಿದ ಎರಡನೆಯ ತಪ್ಪು, ಇದಕ್ಕೆ ಮಳೆಯನ್ನೂ ಎಂಜಿನ್ನನ್ನೂ ದೂರುವಂತಿಲ್ಲ.

ಅರ್ಜಿದಾರಳಾದ ನಾನು ಎಂಬುದನ್ನು ಹೊಡೆದುಹಾಕಿ ಬೇರೆ ಹಾಳೆ ತೆಗೆದೆ. ಯಾದಿ ಬರೆದವಳು ನಾನು, ಈ ಮಹಿಳೆ ಮನೆಯೊಳಗಿದ್ದಾರೆಂದು ಹೇಳಿದ್ದನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ, ಅವರ ಹೆಸರು ಬಿಟ್ಟುಹೋದದ್ದು ನನ್ನಿಂದ. ಬರೆದು ಓದಿ ಹೇಳಿದೆ. ಆತ್ಯಾ ತಲೆಯಾಡಿಸಿದರು. “ಅಕ್ಷರ ಚಂದ ಅದಾವು ಬಿಡ್ರಿ” ಎಂದರು.

ಮರುದಿನವೇ ಕಚೇರಿಗೆ ಹೋಗಿ ಗುಮಾಸ್ತರ ಕೈಗೆ ಕೊಟ್ಟೆ. ಅವರು ಓದಿದರು, ವಹಿಯ ಅಕ್ಷರಕ್ಕೂ ಹಾಳೆಯ ಅಕ್ಷರಕ್ಕೂ ಹೋಲಿಸಿದರು, ನನ್ನನ್ನೊಮ್ಮೆ ನೋಡಿದರು. “ಸಿಕ್ರಲ್ರಿ ಅಂತೂ” ಎಂದಷ್ಟೇ ಹೇಳಿ ಮೊಹರು ಒತ್ತಿದರು. ಇನ್ನು ಅಡ್ಡಿಯಿಲ್ಲ, ಮಳೆಗೆ ಮೊದಲೇ ಗೋಡೆ ಎಬ್ಬಿಸಬಹುದು ಎಂದರು.

ಆ ವಾರ ನನಗೆ ಬಹಳ ಉದ್ದವೆನಿಸಿತು. ತಪ್ಪು ಒಪ್ಪಿದ್ದಾಯಿತು, ಕಾಗದ ಕೊಟ್ಟದ್ದಾಯಿತು. ಆತ್ಯಾ ಹೇಳಿದ ಹಾಗೆ ಅತ್ತದ್ದೂ ಆಯಿತು, ಹಗುರಾದದ್ದೂ ಆಯಿತು. ಆ ಹಳ್ಳಿಗೆ ಹೋಗಲು ಇನ್ನು ಯಾವ ಕೆಲಸವೂ ಉಳಿದಿರಲಿಲ್ಲ. ಅವರ ಮಾತು ಕೇಳಿದ ಮೇಲೂ, ಕನಿಕರಕ್ಕೆ ಹಾಗೆ ಅಂದಿರಬಹುದೇ, ನಾನು ಹೋದಮೇಲೆ ಏಣಿ ನೋಡಿ ಸಿಟ್ಟು ಮರಳಿರಬಹುದೇ ಎಂದು ಮನಸ್ಸು ಹೊಯ್ದಾಡಿತು. ಬುಧವಾರ ಸೀರೆ ಇಸ್ತ್ರಿ ಮಾಡಲಿಲ್ಲ. ಗುರುವಾರ ಮುದ್ದೆಯಾದ ಸೀರೆಯಲ್ಲೇ ರೈಲು ಹತ್ತಿದೆ. ಖಾರಿ ತೆಗೆದುಕೊಳ್ಳುವುದನ್ನು ಮರೆತಿದ್ದೆ.

ಮನೆಯ ಹಿಂದೆ ಗೌಂಡಿಯ ಜನ, ಬರಲಿರುವ ಹಣದ ಭರವಸೆಗೆ, ಬುನಾದಿ ಅಗೆಯುತ್ತಿದ್ದರು. ಆತ್ಯಾರ ಬಾಗಿಲು ಅರ್ಧ ತೆರೆದಿತ್ತು. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟೆ. ಕರೆಯೋಣವೆಂದರೆ ಯಾವ ಭಾಷೆಯಲ್ಲಿ ಕರೆಯಬೇಕೆಂದು ತಿಳಿಯಲಿಲ್ಲ. ಬರಿಗೈಯಲ್ಲಿ ಹೊಸ್ತಿಲ ಹೊರಗೆ ನಿಂತೆ.

ಚಪ್ಪಲಿಯ ಸಪ್ಪಳ ಅವರಿಗೆ ಕೇಳಿಸಿರಬೇಕು. ಒಳಗಿನಿಂದ ಒಂದೇ ಮಾತು ಬಂತು.

“ಆತ.”

ಕನ್ನಡದಲ್ಲಿ ಅಂದರೋ ಮರಾಠಿಯಲ್ಲಿ ಅಂದರೋ ನಾನು ಕೇಳಲಿಲ್ಲ. ಒಳಗೆ ಹೋದೆ.